ಮಳೆ ಕಲೆ

ಶೃಂಗೇರಿ
16-7-2007

ಚಿ. ನಯನಳಿಗೆ,

ನಿನ್ನ ಜಲಜಮ್ಮನ ಆಶೀರ್ವಾದಗಳು. ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿನಗೆ ಸಿಟ್ಟು ಬರಬಹುದು. ಬರಲಿ, ಆದರೆ ಓದಿ ಮುಗಿಸಿದ ಮೇಲೆ ಬರಲಿ.

ಈ ಪತ್ರದ ಜೊತೆ ಹಳೇ ಕ್ಯಾಲೆಂಡರಿನಲ್ಲಿ ಸುತ್ತಿದ ಒಂದು ಎಕ್ಸ್-ರೇ ಫಿಲ್ಮ್ ಇದೆ. ನಿನ್ನ ಗುರುಗಳ ಎದೆಯದು. ಅವರು ಸ್ನಾನಕ್ಕೆ ಹೋದಾಗ ಬೀರುವಿನಿಂದ ಕದ್ದು, ಕೊಪ್ಪದ ಬಸ್ಸಿನ ಕಂಡಕ್ಟರ್ ಧರ್ಮೇಶನ ಕೈಗೆ ಕೊಟ್ಟಿದ್ದೇನೆ. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಇದು ನನ್ನ ಮೊದಲ ಕಳ್ಳತನ.

ಯುಗಾದಿ ಕಳೆದ ಮೇಲೆ ಇವರಿಗೆ ಕೆಮ್ಮು ಶುರುವಾಯಿತು. ಮೇ ತಿಂಗಳಲ್ಲಿ ಟವೆಲಿನಲ್ಲಿ ರಕ್ತ ಕಂಡೆ. ಇವರಿಗೆ ಹರೆಯದಲ್ಲಿ ಕ್ಷಯ ಆಗಿತ್ತು, ವಾಸಿಯಾದರೂ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ತೂತು ಉಳಿದಿತ್ತು. ನಮ್ಮ ಎಕ್ಸ್-ರೇ ರೂಮಿನಲ್ಲಿ ನಿನಗೆ ಪಾಠ ಹೇಳುವಾಗ ಆ ಹಳೇ ಫಿಲ್ಮನ್ನೇ ದೀಪಕ್ಕೆ ಹಿಡಿದು ತೋರಿಸುತ್ತಿದ್ದರಲ್ಲ. ಅದೇ ಮರುಕಳಿಸಿದೆ ಎಂದು ಡಾಕ್ಟರು ಚಿಕಿತ್ಸೆ ಶುರುಮಾಡಿದರು. ಕಫ ಮೂರು ಸಲ ಪರೀಕ್ಷೆ ಮಾಡಿದರೂ ಕ್ರಿಮಿ ಸಿಗಲಿಲ್ಲ. ಆದರೂ ಮಾತ್ರೆ, ದಿನ ಬಿಟ್ಟು ದಿನ ಸೂಜಿ. ಹದಿನೆಂಟು ಸೂಜಿ ಆಯಿತು. ರಕ್ತ ನಿಂತಿಲ್ಲ. ಈಗ ಕಿವಿಯಲ್ಲಿ ಹಗಲೂ ಜೀರುಂಡೆ ಕೂಗುತ್ತದಂತೆ. ಅದನ್ನು ಡಾಕ್ಟರಿಗೆ ಹೇಳಲು ನನ್ನನ್ನು ಬಿಡುವುದಿಲ್ಲ. ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಕೇಳಿಸದ್ದಕ್ಕೆ ಫೋನನ್ನೇ ಬೈಯುತ್ತಾರೆ.

ಆ ತೂತಿನ ಜಾಗದಲ್ಲಿ ಫಿಲ್ಮಿನ ಮೇಲೊಂದು ಕಲೆ ಇದೆ ನೋಡು. ಪಕ್ಕದಲ್ಲಿ ಇವರೇ ಬಳಪದ ಪೆನ್ಸಿಲಿನಲ್ಲಿ "ಮಳೆ ಕಲೆ" ಎಂದು ಬರೆದಿದ್ದಾರೆ. ಫಿಲ್ಮಿಗೆ ಬೂಷ್ಟು ಹಿಡಿದದ್ದು, ಲೆಕ್ಕಕ್ಕಿಲ್ಲ ಎಂದರ್ಥ. ಡಾಕ್ಟರೂ ಇವರ ಅನುಭವ ನಂಬಿ ಅದನ್ನು ಬಿಟ್ಟುಬಿಟ್ಟರು. ಇನ್ನೊಂದು ಚಿತ್ರ ತೆಗೆಯೋಣ ಎಂದರೆ ಹಾರಿ ಬೀಳುತ್ತಾರೆ. ಇವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ನಿನಗೆ ಗೊತ್ತಿರುವುದೇ.

ಫಿಲ್ಮಿನಲ್ಲಿ ಚುಕ್ಕೆ ಕಂಡರೆ ಸುಮ್ಮನಿರಲಾರದವಳು ನೀನೊಬ್ಬಳೇ. ಅದಕ್ಕೇ ಬೈಸಿಕೊಂಡು ಹೋದೆ. ಒಮ್ಮೆ ನೋಡು ಮಗಾ. ನಾನು ಕಳಿಸಿದೆ ಎಂದು ಮಾತ್ರ ಹೇಳಬೇಡ.

ನಿನ್ನ ದಾರಿ ಕಾಯುವ
ಜಲಜಮ್ಮ


ಕೊಪ್ಪ
18-7-2007

ಮಾನ್ಯ ವೆಂಕಟರಮಣ ಅವರಿಗೆ,

ನಿಮ್ಮ ಫಿಲ್ಮ್ ನನ್ನ ಬಳಿ ಇದೆ. ಕಳಿಸಿದವರು ಯಾರೆಂದು ಹೇಳಬಾರದಂತೆ. ನಿಮ್ಮ ಮನೆಯಲ್ಲಿ ಇರುವುದೇ ಇಬ್ಬರು, ಕಳಿಸಿದವರು ನೀವಲ್ಲ. ಅವರ ಮೇಲೆ ದಯವಿಟ್ಟು ಸಿಟ್ಟಾಗಬೇಡಿ, ಇರುವ ಸಿಟ್ಟನ್ನೆಲ್ಲ ನನ್ನ ಮೇಲೆಯೇ ಇಟ್ಟುಕೊಳ್ಳಿ. ನನಗೆ ಅಭ್ಯಾಸವಿದೆ.

ನೀವು ಕಲಿಸಿದ ಹಾಗೆಯೇ ಮಾಡಿದೆ. ಫಿಲ್ಮನ್ನು ಓರೆಯಾಗಿ ಬೆಳಕಿಗೆ ಹಿಡಿದೆ. ಬೂಷ್ಟಾಗಿದ್ದರೆ ಮೇಲ್ಮೈ ತರಿತರಿಯಾಗಿ ಕಾಣಬೇಕಿತ್ತು, ಕಾಣಲಿಲ್ಲ. ಒದ್ದೆ ಹತ್ತಿಯಿಂದ ಹಗುರವಾಗಿ ಒರೆಸಿದೆ. ಕಲೆ ಹೋಗಲಿಲ್ಲ. ಅದು ಫಿಲ್ಮಿನ ಮೇಲಿಲ್ಲ ಸರ್, ನಿಮ್ಮ ಎದೆಯೊಳಗೆ ಇದೆ.

ಇವತ್ತು ಬುಧವಾರ, ನಮ್ಮ ಸೆಂಟರಿಗೆ ಸ್ಕ್ಯಾನಿಂಗ್ ಡಾಕ್ಟರ್ ಮೇಘನ ಬರುವ ದಿನ. ಅವರು ತುಂಬಾ ಹೊತ್ತು ನೋಡಿದರು. ಹಳೇ ಕ್ಷಯದ ತೂತಿನೊಳಗೆ ನಿಂಬೆಹಣ್ಣಿನಷ್ಟು ಒಂದು ಉಂಡೆ, ಅದರ ನೆತ್ತಿಯ ಮೇಲೆ ಬಿದಿಗೆ ಚಂದ್ರನ ಆಕಾರದಲ್ಲಿ ತೆಳ್ಳಗೆ ಗಾಳಿ. ಇದು ಶಿಲೀಂಧ್ರದ ಉಂಡೆ ಇರಬಹುದು ಎಂದರು. ಕೊಳೆತ ಹುಲ್ಲು, ಗೊಬ್ಬರ, ಗೋಡೆ ಎಲ್ಲದರಲ್ಲೂ ಇರುವ ಬೂಷ್ಟೇ. ದಿನಾ ಎಲ್ಲರೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಆದರೆ ನಿಮ್ಮಲ್ಲಿ ಒಂದು ಕೋಣೆ ಖಾಲಿ ಇತ್ತು. ನಿಮ್ಮ ಶೃಂಗೇರಿಯ ಲಾಡ್ಜುಗಳಲ್ಲಿ ಇರುವ ಹಾಗೆ. ಬಂದು ಸೇರಿಕೊಂಡಿದೆ. ಹಾಗಿದ್ದರೆ ಕ್ಷಯದ ಸೂಜಿಯಿಂದ ಅದು ಹೋಗುವುದಿಲ್ಲ, ಕಿವಿ ಮಾತ್ರ ಹೋಗುತ್ತದೆ. ರಕ್ತ ಒಂದು ದಿನ ಒಮ್ಮೆಲೇ ಜಾಸ್ತಿಯಾದರೆ ಜೀವಕ್ಕೇ ಅಪಾಯ ಎಂದೂ ಹೇಳಿದರು.

ತಿಳಿಯಲು ಒಂದು ದಾರಿ ಇದೆ. ಬಲಮಗ್ಗುಲಿಗೆ ಮಲಗಿ ಇನ್ನೊಂದು ಚಿತ್ರ ತೆಗೆಸಿ. ಫಿಲ್ಮಿನ ಕಲೆಯಾದರೆ ಎರಡನೆಯದರಲ್ಲಿ ಇರುವುದೇ ಇಲ್ಲ. ಬೇರೆ ಗಡ್ಡೆಯಾದರೆ ಇದ್ದಲ್ಲೇ ಇರುತ್ತದೆ. ಈ ಉಂಡೆಯಾದರೆ ಪಕ್ಕೆಲುಬಿನ ಕಡೆಗೆ ಉರುಳಿ ಬೀಳುತ್ತದೆ.

ಸೂಜಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಿವಿಯ ವಿಷಯ ನಾಳೆಯೇ ಡಾಕ್ಟರಿಗೆ ಹೇಳಿ.

ಇಂತಿ
ನಯನ
ಎಕ್ಸ್-ರೇ ವಿಭಾಗ


ಶೃಂಗೇರಿ
22-7-2007

ಕೊಪ್ಪದ ಎಕ್ಸ್-ರೇ ವಿಭಾಗದ ಶ್ರೀಮತಿ, ಅಲ್ಲ, ಕುಮಾರಿ ನಯನ ಅವರಿಗೆ,

ತಮ್ಮ ವರದಿ ತಲುಪಿತು. ನನ್ನ ಎದೆಯೊಳಗಿನ ಸರಕು ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದ್ದು ತಿಳಿದು ಸಂತೋಷವಾಯಿತು. ಧರ್ಮೇಶ ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು, "ಸಾರ್, ನಿಮ್ಮ ಶ್ವಾಸಕೋಶ ಜೋಪಾನವಾಗಿ ಮುಟ್ಸಿದೀನಿ, ಮಡಚಿಲ್ಲ" ಎಂದ. ಮರ್ಯಾದೆ ಉಳಿಯಿತು.

ಗುರುವಿಗೇ ತಿರುಮಂತ್ರ ಹೇಳುವ ಮೊದಲು ಹಳೆಯದೊಂದು ನೆನಪು ಮಾಡಿಕೊ. ಎನ್.ಆರ್. ಪುರದ ರೇಣುಕಪ್ಪ, ಮೆಣಸಿನ ವ್ಯಾಪಾರಿ. 2003ರ ಆಷಾಢ. ನೀನು ನನ್ನನ್ನು ಕೇಳದೆ ಅವರ ಫಿಲ್ಮಿನ ಚುಕ್ಕೆ ತೋರಿಸಿ "ಇಲ್ಲಿ ಏನೋ ಇದೆ, ಶಿವಮೊಗ್ಗಕ್ಕೆ ಹೋಗಿ" ಎಂದೆ. ಮನೆಮಂದಿಯೆಲ್ಲ ಅಳುತ್ತಾ ಜೀಪು ಮಾಡಿಕೊಂಡು ಹೋದರು. ಅಲ್ಲಿ ನೋಡಿದರೆ ಬೂಷ್ಟು. ಒದ್ದೆ ಹತ್ತಿಯಲ್ಲಿ ಒರೆಸಿದರೆ ಹೋಗುವಂಥದ್ದು. ಮಳೆಗಾಲದ ಫಿಲ್ಮಿನ ಕಲೆಗೆ ರೋಗದ ಹೆಸರಿಡಬಾರದು ಎಂದು ಎಷ್ಟು ಸಲ ಹೇಳಿದ್ದೆ? ಅವತ್ತು ನಾನು ನಾಲ್ಕು ಜನರ ಎದುರು ಬೈದೆ. ನೀನು ಬಿಳಿ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೋದೆ. ಅದು ಇನ್ನೂ ಅದೇ ಮೊಳೆಯಲ್ಲಿದೆ, ಅದಕ್ಕೂ ಬೂಷ್ಟು ಹಿಡಿದಿದೆ.

ಮೂವತ್ತೆಂಟು ವರ್ಷ ಈ ತಾಲ್ಲೂಕಿನ ಎದೆಗಳನ್ನೆಲ್ಲ ನೋಡಿದವನು ನಾನು. ಕೆರೆಕಟ್ಟೆಯಿಂದ ಬಂದವರದ್ದು, ಯಾತ್ರಿಕರದ್ದು, ಭಟ್ಟರದ್ದು. ಬೂಷ್ಟಿಗೂ ರೋಗಕ್ಕೂ ವ್ಯತ್ಯಾಸ ತಿಳಿಯದಷ್ಟು ಮುದುಕನಾಗಿಲ್ಲ. ಮಗ್ಗುಲಾಗಿ ಮಲಗುವುದಿಲ್ಲ. ವಿಷಯ ಇಲ್ಲಿಗೆ ಮುಗಿಯಿತು.

ವೆಂಕಟರಮಣ

ಒರೆಸಿದ ಹತ್ತಿ ಯಾವ ಬಣ್ಣಕ್ಕೆ ತಿರುಗಿತ್ತು ಎಂದು ನೀನು ಬರೆದಿಲ್ಲ. ವರದಿ ಬರೆಯುವಾಗ ಅಷ್ಟೂ ಬರೆಯಬೇಕು.


ಕೊಪ್ಪ
24-7-2007

ಸರ್,

ಹತ್ತಿಯನ್ನೇ ಲಕೋಟೆಯಲ್ಲಿ ಇಟ್ಟಿದ್ದೇನೆ. ನೋಡಿ, ಬೆಳ್ಳಗೇ ಇದೆ.

ರೇಣುಕಪ್ಪನವರ ವಿಷಯದಲ್ಲಿ ತಪ್ಪು ನನ್ನದು. ಅವತ್ತು ಒರೆಸದೆಯೇ ಹೇಳಿದೆ. ಈ ನಾಲ್ಕು ವರ್ಷ ಒಂದು ಫಿಲ್ಮನ್ನೂ ಒರೆಸದೆ ಬಿಟ್ಟಿಲ್ಲ. ಇಲ್ಲಿಯವರು ನನಗೆ ಹತ್ತಿ ನಯನ ಎಂದೇ ಹೆಸರಿಟ್ಟಿದ್ದಾರೆ.

ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿತ್ತು. ಬಸರೀಕಟ್ಟೆಯ ಮನೆಯಲ್ಲಿ ಒಂದು ವಾರ ಅತ್ತಿದ್ದೆ. ಆದರೆ ಮೊನ್ನೆ ಆ ಫಿಲ್ಮನ್ನು ದೀಪಕ್ಕೆ ಹಿಡಿದಾಗ, ಮೂಲೆಯ ಹೆಸರು ಓದುವ ಮೊದಲೇ ಇದು ಸರ್ ಎದೆ ಎಂದು ಗುರುತು ಸಿಕ್ಕಿತು. ಆ ಖಾಲಿ ತೂತನ್ನು ನೋಡಿಯೇ ಅಲ್ಲವೇ ನಾನು ಕೆಲಸ ಕಲಿತದ್ದು? ಅದು ತುಂಬಿರುವುದನ್ನು ನೋಡಿ ಫಿಲ್ಮನ್ನು ಕೆಳಗಿಟ್ಟು, ಇನ್ನೊಮ್ಮೆ ಹಿಡಿದು ನೋಡಿದೆ.

ನೀವು ಬದುಕಬೇಕು ಸರ್. ಬೇಕಾದರೆ ಇನ್ನೊಮ್ಮೆ ಬೈಯುವುದಕ್ಕಾದರೂ. ಜಲಜಮ್ಮನವರಿಗೆ ಸ್ವಿಚ್ ಒತ್ತಲು ಬರುತ್ತದೆ. ಟ್ಯೂಬನ್ನು ಅಡ್ಡ ತಿರುಗಿಸಿ, ಫಿಲ್ಮಿನ ಪೆಟ್ಟಿಗೆಯನ್ನು ಬೆನ್ನಿಗೆ ನೆಟ್ಟಗೆ ನಿಲ್ಲಿಸಿ, ಬಲಮಗ್ಗುಲು. ಐದು ನಿಮಿಷದ ಕೆಲಸ.

ನಯನ


ಶೃಂಗೇರಿ
30-7-2007

ಚಿ. ನಯನಳಿಗೆ,

ಐದು ನಿಮಿಷದ ಕೆಲಸ ಎಂದು ಬರೆದೆಯಲ್ಲ, ನಿನ್ನ ಗುರುಗಳ ಜೊತೆ ಅದು ಅರ್ಧ ದಿನದ ಕೆಲಸವಾಯಿತು.

ಆ ಹತ್ತಿ ಬಂದ ದಿನ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಫಿಲ್ಮ್ ಕದ್ದದ್ದಕ್ಕೂ ಬೈಯಲಿಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, "ಎಕ್ಸ್-ರೇ ರೂಮಿನ ಬೀಗ ತೆಗಿ" ಎಂದರು.

ಟ್ಯೂಬ್ ತಿರುಗಿಸಲು ನಾನೂ ಪಕ್ಕದ ಹೂವಿನಂಗಡಿ ಶಾಂತಕ್ಕನೂ ಜೋತುಬಿದ್ದೆವು. ಫಿಲ್ಮಿನ ಪೆಟ್ಟಿಗೆ ಬೆನ್ನ ಹಿಂದೆ ನಿಲ್ಲುತ್ತಲೇ ಇರಲಿಲ್ಲ. ಕಡೆಗೆ ಮನೆಯಿಂದ ರುಬ್ಬುಗುಂಡು ಹೊತ್ತು ತಂದು ಆನಿಸಿಟ್ಟೆ. ಇವರು ಮಲಗಿದಲ್ಲಿಂದಲೇ ಅಭ್ಯಾಸದ ಮೇಲೆ, "ಉಸಿರು ಎಳ್ಕೊಳಿ, ಹಂಗೇ ಹಿಡ್ಕೊಳಿ" ಎಂದರು. ಹೇಳುವವರು ಇವರೇ, ಹಿಡಿಯಬೇಕಾದವರೂ ಇವರೇ. ಮಾತಾಡಿದರೆ ಉಸಿರು ನಿಲ್ಲುವುದು ಹೇಗೆ? ಮೊದಲ ಫಿಲ್ಮ್ ಅಲುಗಾಡಿ ಹಾಳಾಯಿತು.

"ನೀವು ಬಾಯ್ಮುಚ್ಚಿ ಮಾರಾಯ್ರೆ, ಇವತ್ತು ನಾನು ಹೇಳ್ತೀನಿ" ಎಂದೆ. ಇವರಿಗೆ ಕಿವಿ ಕೇಳುವುದಿಲ್ಲವಲ್ಲ, ಕಿರುಚಬೇಕಾಯಿತು. "ಎಂತ ಜಲಜಕ್ಕ, ನೀ ಕೂಗಿದ್ದಕ್ಕೆ ಹೊರಗೆ ಬಸ್ಸಿಗೆ ನಿಂತೋರೆಲ್ಲ ಉಸ್ರು ಹಿಡ್ಕಂಡಿದಾರೆ" ಎಂದು ಶಾಂತಕ್ಕ ಬಾಗಿಲಲ್ಲಿ ನಿಂತು ನಕ್ಕಳು. ಇವರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕಂಡೆ. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ರಕ್ತ ಬಂತು. ಬಾಯಿ ತೊಳೆದು ಮತ್ತೆ ಮಲಗಿದರು. ಸ್ವಿಚ್ ಒತ್ತಿದೆ.

ಡಾರ್ಕ್‌ರೂಮಿಗೆ ಅವರೊಬ್ಬರೇ ಹೋದರು. ಫಿಲ್ಮ್ ತೊಳೆಯಲು ಹತ್ತು ನಿಮಿಷ ಸಾಕು. ಮುಕ್ಕಾಲು ಗಂಟೆಯಾದರೂ ಹೊರಗೆ ಬರಲಿಲ್ಲ. ಬಾಗಿಲು ಬಡಿಯಲು ನನಗೆ ಧೈರ್ಯವಾಗಲಿಲ್ಲ. ಬಂದವರು ಫಿಲ್ಮನ್ನು ನನ್ನ ಕೈಗೆ ಕೊಟ್ಟು, "ಒಣಗಿದ ಮೇಲೆ ಅವಳಿಗೆ ಕಳಿಸು, ನಾನೂ ಒಂದು ಕಾಗದ ಕೊಡ್ತೀನಿ" ಎಂದರು.

ಜಲಜಮ್ಮ


ಶೃಂಗೇರಿ
31-7-2007

ನಯನ,

ಉರುಳಿದೆ. ನಿಂತಾಗ ತೂತಿನ ತಳದಲ್ಲಿ ಇದ್ದದ್ದು ಮಲಗಿದಾಗ ಪಕ್ಕೆಲುಬಿಗೆ ಬಂದು ಕೂತಿದೆ. ಬಿದಿಗೆ ಚಂದ್ರನೂ ಜಾಗ ಬದಲಿಸಿದ್ದಾನೆ. ನೀನು ಹೇಳಿದ್ದು ಸರಿ.

ಇನ್ನೊಂದು ಮಾತಿದೆ. ಇದನ್ನು ಜಲಜಳಿಗೂ ಹೇಳಿಲ್ಲ. ನಿನಗೆ ಹೇಳದಿದ್ದರೆ ಗುರು ಎನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ತೊಳೆದು ವಾರವಾದರೂ ಒಣಗದೆ ನೇತಾಡುತ್ತಿದ್ದ ಆ ಮೊದಲ ಫಿಲ್ಮನ್ನು ಜೂನ್ ಒಂದನೇ ತಾರೀಖು ದೀಪಕ್ಕೆ ಹಿಡಿದೆ. ಕಲೆ ಕಂಡಿತು. ಒಂದು ಕೈಯಲ್ಲಿ ಫಿಲ್ಮ್, ಇನ್ನೊಂದರಲ್ಲಿ ಹತ್ತಿ. ಊರವರ ಫಿಲ್ಮನ್ನೆಲ್ಲ ಒರೆಸಿದ ಕೈ ಅದು. ನನ್ನದನ್ನು ಒರೆಸಲಿಲ್ಲ.

ಒರೆಸಿದರೆ ಹೋಗದಿದ್ದರೆ ಏನು ಮಾಡುವುದು ಎಂದು ಹೆದರಿದೆ. ಹತ್ತಿ ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಂಡು "ಮಳೆ ಕಲೆ" ಎಂದು ಬರೆದೆ. ಬರೆದ ಮೇಲೆ ನಾನೇ ನಂಬಿದೆ, ಡಾಕ್ಟರನ್ನೂ ನಂಬಿಸಿದೆ. ಅವರ ತಪ್ಪೇನೂ ಇಲ್ಲ.

ನೀನು ಬೂಷ್ಟನ್ನು ರೋಗ ಎಂದದ್ದಕ್ಕೆ ನಾಲ್ಕು ಜನರ ಎದುರು ಬೈದೆ. ನಾನು ರೋಗವನ್ನು ಬೂಷ್ಟು ಎಂದೆ. ನನ್ನನ್ನು ಬೈಯುವವರು ಯಾರು?

ಮುಂದೆ ಏನು ಮಾಡಬೇಕೋ ಹೇಳು, ಮಾಡುತ್ತೇನೆ.

ವೆಂಕಟರಮಣ


ಕೊಪ್ಪ
1-8-2007

ಸರ್,

ಮೇಘನ ಡಾಕ್ಟರು ಎರಡೂ ಫಿಲ್ಮ್ ಅಕ್ಕಪಕ್ಕ ಇಟ್ಟು ನೋಡಿ, "ಇಷ್ಟು ಚಂದ ತೆಗೆದವರು ಯಾರು?" ಎಂದು ಕೇಳಿದರು. ಜಲಜಮ್ಮ ಮತ್ತು ರುಬ್ಬುಗುಂಡು ಎಂದೆ.

ಅವರೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದ್ದಾರೆ. ಇಬ್ಬರೂ ಸೇರಿ ಮಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನಿಗೆ ಬರೆದಿದ್ದಾರೆ. ಸೂಜಿ ನಿಲ್ಲಿಸುವುದನ್ನು ನಿಮ್ಮ ಡಾಕ್ಟರೇ ನಾಳೆ ಹೇಳುತ್ತಾರೆ. ಸೋಮವಾರ ಹೊರಡಿ. ನಾನು ರಜೆ ಹಾಕಿದ್ದೇನೆ, ಆಗುಂಬೆ ಬಸ್ಸಿಗೆ ಬಂದು ಸೇರುತ್ತೇನೆ. ಬೇಡ ಎನ್ನಬೇಡಿ, ಎಂದರೂ ಬರುತ್ತೇನೆ.

ನಿಮ್ಮನ್ನು ಬೈಯುವವರು ಯಾರು ಎಂದು ಕೇಳಿದ್ದೀರಿ. ನನಗೆ ಪುರಸೊತ್ತಿಲ್ಲ ಸರ್, ಬುಧವಾರ ಬಹಳ ರಶ್ಶು.

ನಯನ


ಮಂಗಳೂರು
21-8-2007

ನಯನ,

ನೀನು ನಮ್ಮನ್ನು ಇಲ್ಲಿ ಸೇರಿಸಿ ಕೊಪ್ಪಕ್ಕೆ ಮರಳಿದ ಮೇಲೆ ರಕ್ತಪರೀಕ್ಷೆಯೂ ಬಂತು. ಶಿಲೀಂಧ್ರವೇ. ನಾನು ಫಿಲ್ಮಿನ ಮೇಲೆ ಬೂಷ್ಟು ಎಂದು ಬರೆದದ್ದು ಸರಿಯೇ ಆಯಿತಲ್ಲ, ಜಾಗ ಒಂದು ತಪ್ಪಿತ್ತು.

ಅವತ್ತು ಸಿ.ಟಿ. ಯಂತ್ರದೊಳಗೆ ಹೋದಾಗ ಏನನ್ನಿಸಿತು ಎಂದು ನೀನು ಕೇಳಿದೆ, ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಮೊದಲು ಅಂಗಾತ, ಆಮೇಲೆ ಬೋರಲು ಮಲಗಿಸಿದರು. ಯಂತ್ರವೇ "ಉಸಿರು ಹಿಡಿದುಕೊಳ್ಳಿ" ಎಂದು ಹೇಳಿತು, ನನಗೆ ಅರ್ಧ ಕೇಳಿಸಿತು. ನಾನು ಎಷ್ಟು ಸಾವಿರ ಜನಕ್ಕೆ ಆ ಮಾತು ಹೇಳಿದ್ದೇನೋ. ಹಿಡಿದುಕೊಂಡವರು ಒಳಗೆ ಏನೇನು ಹಿಡಿದುಕೊಂಡಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಗಾಜಿನಾಚೆ ನಿನ್ನ ಮುಖ ಕಂಡಿತು. ನೀನು ಪರದೆ ನೋಡುತ್ತಿದ್ದೆ, ನನ್ನನ್ನಲ್ಲ. ಕೆಲಸ ಕಲಿತಿದ್ದಾಳೆ ಎಂದುಕೊಂಡೆ.

ಶುಕ್ರವಾರ ಆಪರೇಷನ್. ಬಲಗಡೆ ಶ್ವಾಸಕೋಶದ ಮೇಲಿನ ಭಾಗವನ್ನೇ ತೆಗೆಯುತ್ತಾರೆ. ಸಲೀಸಾದ ಕೆಲಸವಲ್ಲ, ಆದರೆ ಬಿಟ್ಟರೆ ಇನ್ನೂ ಕಷ್ಟ ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದರು. ಜಲಜ ಧೈರ್ಯವಾಗಿದ್ದಾಳೆ, ಅಂದರೆ ವಾರ್ಡಿನಲ್ಲಿ ಎಲ್ಲರಿಗೂ ಅಡುಗೆ ಹೇಳಿಕೊಡುತ್ತಿದ್ದಾಳೆ. ನನಗೆ ಭಯವಿದೆ. ಈ ಸಲ ಅದಕ್ಕೆ ಬೇರೆ ಹೆಸರು ಬರೆಯುವುದಿಲ್ಲ.

ಹಿಂತಿರುಗದಿದ್ದರೆ ಆ ಹಳೇ ಖಾಲಿ ತೂತಿನ ಫಿಲ್ಮ್ ನಿನ್ನದು. ಈ ಎರಡನ್ನೂ ಸೇರಿಸಿ ಮೂರನ್ನೂ ಹೊಸಬರಿಗೆ ತೋರಿಸು. ಮುದುಕನೊಬ್ಬ ಒರೆಸಲಿಲ್ಲ ಎಂಬುದನ್ನೂ ಹೇಳು.

ವೆಂಕಟರಮಣ


ಶೃಂಗೇರಿ
12-1-2008

ನಯನ,

ಫಿಲ್ಮ್ ನಿನಗೆ ಸಿಗುವುದಿಲ್ಲ. ನಾನೇ ಇನ್ನೂ ಇದ್ದೇನೆ.

ಇವತ್ತು ಮನೆಯಿಂದ ಸೇತುವೆಯವರೆಗೆ ನಡೆದು ಬಂದೆ. ನಾಲ್ಕು ತಿಂಗಳಿಂದ ಕೆಮ್ಮಿಲ್ಲ, ರಕ್ತವಿಲ್ಲ. ಬಲಗಿವಿ ಅರ್ಧ ಹೋಗಿದೆ, ಅದು ಬರುವುದಿಲ್ಲವಂತೆ. ಜಲಜ ಬೈಯುವಾಗ ಆ ಕಡೆ ತಿರುಗಿ ಕೂರುತ್ತೇನೆ.

ನಿನ್ನೆ ಎನ್.ಆರ್. ಪುರದಿಂದ ರೇಣುಕಪ್ಪ ನೋಡಲು ಬಂದಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರೆಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಅಲ್ಲ ಮಾರಾಯ್ರೆ, ಅವತ್ತು ನಾನು ನಿಮ್ಮತ್ರ ಕೂಗಾಡಿದ್ದು ಜೀಪಿನ ಸುಸ್ತಿಗೆ. ಎಂತ ಇಲ್ಲ ಅಂತ ಗೊತ್ತಾತಲ್ಲ, ಅವತ್ತು ಊಟ ರುಚಿ ಕಂಡಷ್ಟು ಯಾವತ್ತೂ ಕಂಡಿಲ್ಲ. ಪಾಪ, ಆ ಹುಡುಗಿಗೆ ನೀವು ಹಂಗೆ ಬೈಬಾರ್ದಾಗಿತ್ತು. ಸುಮ್ನಿದ್ದು ಕೊಲ್ಲೋದಕ್ಕಿಂತ ಹೆದ್ರಿಸಿ ಉಳಿಸೋದು ಮೇಲಲ್ವಾ?"

ನಯನ, ಅವತ್ತು ಬೈದದ್ದು ತಪ್ಪು. ನಾಲ್ಕು ಜನರ ಎದುರು ಬೈದಿದ್ದೆ, ಆದ್ದರಿಂದ ಇವತ್ತು ಶಾಂತಕ್ಕ, ಧರ್ಮೇಶ, ಜಲಜ ಮತ್ತು ಔಷಧಿ ಅಂಗಡಿಯವನನ್ನು ಕರೆದು ನಿಲ್ಲಿಸಿ ಈ ಸಾಲನ್ನು ಗಟ್ಟಿಯಾಗಿ ಓದಿದೆ. ಲೆಕ್ಕ ಸರಿಹೋಯಿತು.

ಏಪ್ರನ್ನನ್ನು ಜಲಜ ಒಗೆದು ಇಸ್ತ್ರಿ ಮಾಡಿ ಅದೇ ಮೊಳೆಗೆ ಹಾಕಿದ್ದಾಳೆ. ಕೊಪ್ಪದ ಕೆಲಸ ಬಿಟ್ಟು ಬಾ ಎನ್ನುವುದಿಲ್ಲ. ಭಾನುವಾರ ಊಟಕ್ಕೆ ಬಾ.

ವೆಂಕಟರಮಣ


ಶೃಂಗೇರಿ
30-6-2008

ನಯನ,

ವರ್ಷ ತುಂಬುವ ಹೊತ್ತಿಗೆ ಒಂದು ಎದೆಯ ಚಿತ್ರ ತೆಗೆದು ನೋಡಿ ಎಂದು ಮಂಗಳೂರಿನವರು ಹೇಳಿದ್ದರು. ಹದಿನೈದು ದಿನದ ಹಿಂದೆ ಜಲಜ ತೆಗೆದಳು. ತೊಳೆದದ್ದು ನಾನೇ, ಆದರೆ ದೀಪಕ್ಕೆ ಹಿಡಿಯಲು ಧೈರ್ಯ ಸಾಲಲಿಲ್ಲ. ಒಣಗಲು ನೇತುಹಾಕಿ ಬಂದೆ. ಮಳೆ ಜೋರಾಗಿತ್ತು, ಮೂರು ದಿನ ಕರೆಂಟಿರಲಿಲ್ಲ, ಫ್ಯಾನಿಲ್ಲದೆ ಅದು ಸರಿಯಾಗಿ ಒಣಗಲೂ ಇಲ್ಲ.

ಇವತ್ತು ನೋಡಿದೆ. ಬಲಗಡೆ, ಅದೇ ಜಾಗದ ಹತ್ತಿರ, ಒಂದು ಕಲೆ ಇದೆ.

ಪೆನ್ಸಿಲ್ ಮುಟ್ಟಿಲ್ಲ. ಒರೆಸಿಯೂ ಇಲ್ಲ. ಹತ್ತಿ ತೆಗೆದುಕೊಂಡರೆ ಇವತ್ತೂ ಕೈ ನಡುಗುತ್ತದೆ. ಜಲಜಳಿಗೆ ಹೇಳಿದೆ, ಅವಳು "ಯಾರ ಕೈ ನಡುಗಲ್ವೋ ಅವ್ರಿಗೆ ಕಳ್ಸಿ" ಎಂದಳು.

ಧರ್ಮೇಶನ ಕೈಗೆ ಕೊಟ್ಟಿದ್ದೇನೆ. ಈ ಸಲ ಕದ್ದು ಅಲ್ಲ, ನಾನೇ ಹೋಗಿ ಕೊಟ್ಟೆ. ನೀನು ಒರೆಸು.

ವೆಂಕಟರಮಣ


ಕೊಪ್ಪ
2-7-2008, ಬುಧವಾರ

ಸರ್,

ಕವರ್ ಕೈಗೆ ಬಂದಾಗ ನನ್ನ ಕೈಯೂ ನಡುಗಿತು. ಜಲಜಮ್ಮನವರಿಗೆ ಹೇಳಬೇಡಿ.

ಓರೆಯಾಗಿ ಹಿಡಿದೆ, ತರಿತರಿಯಾಗಿತ್ತು. ಒರೆಸಿದೆ. ಹೋಯಿತು. ಮೇಘನ ಡಾಕ್ಟರೂ ನೋಡಿದರು, ಎದೆ ಸ್ವಚ್ಛವಾಗಿದೆ.

ವರದಿ ಬರೆಯುವಾಗ ಅಷ್ಟೂ ಬರೆಯಬೇಕಲ್ಲ, ಹತ್ತಿಯನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ನೋಡಿ ಸರ್, ಎಷ್ಟು ಕಪ್ಪಾಗಿದೆ.

ನಿಮ್ಮ ಶಿಷ್ಯೆ
ನಯನ